ಟ್ಯಾಪ್ ಇರುವ ಟ್ರಾನ್ಸ್‌ಫಾರ್ಮರ್‌ಗಳ ಫಾಲ್ಟ್ ಲೆವೆಲ್ ಗಣನೆ: ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ

ವಿದ್ಯುತ್ ಜಾಲದ ಒಂದು ಜಾಗದಲ್ಲಿ ಮೂರೂ ಫೇಸುಗಳು ಒಂದಕ್ಕೊಂದು ಶಾರ್ಟ್ ಆದರೆ ಅಲ್ಲಿಗೆ ಎಷ್ಟು ಕರೆಂಟು ನುಗ್ಗುತ್ತದೆ ಎಂಬುದರ ಅಳತೆಯೇ ಆ ಜಾಗದ ಫಾಲ್ಟ್ ಲೆವೆಲ್. ಇದನ್ನು ಕಿಲೋ ಆಂಪಿಯರ್, ಅಂದರೆ ಕೆಎ ಲೆಕ್ಕದಲ್ಲಿ ಹೇಳುವುದುಂಟು; ಆ ಕರೆಂಟನ್ನು ಜಾಲದ ವೋಲ್ಟೇಜಿನಿಂದಲೂ 1.732ರಿಂದಲೂ ಗುಣಿಸಿ ಎಂವಿಎ ಲೆಕ್ಕದಲ್ಲಿ ಹೇಳುವುದೂ ಉಂಟು. ಬ್ರೇಕರ್ ಎಷ್ಟು ಗಟ್ಟಿ ಇರಬೇಕು, ಪ್ಯಾನಲ್‌ನ ಬಸ್‌ಬಾರ್ ಎಷ್ಟು ಎಳೆತ ತಡೆಯಬೇಕು, ರಿಲೇಯನ್ನು ಎಲ್ಲಿಗೆ ಸೆಟ್ ಮಾಡಬೇಕು ಎಂಬುದೆಲ್ಲ ಈ ಒಂದು ಅಂಕಿಯ ಮೇಲೆ ನಿಂತಿದೆ. ಕಾರ್ಖಾನೆಯ ಪ್ಯಾನಲ್‌ನಲ್ಲಿ ಈ ಅಂಕಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಅಲ್ಲಿನ ಟ್ರಾನ್ಸ್‌ಫಾರ್ಮರ್. ಅದರ ಸುರುಳಿಯ ಸುತ್ತುಗಳನ್ನು ಹೆಚ್ಚುಕಡಿಮೆ ಮಾಡುವ ಟ್ಯಾಪ್ ಇದ್ದರೆ ಈ ಅಂಕಿಯೂ ಒಂದೇ ಕಡೆ ನಿಲ್ಲುವುದಿಲ್ಲ.

ಎಷ್ಟು ಅಲ್ಲಾಡುತ್ತದೆ ಎಂಬುದರ ಬಗ್ಗೆ ತಪ್ಪು ಅಂದಾಜುಗಳು ಎರಡೂ ಕಡೆ ಇವೆ. ಟ್ಯಾಪನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರು ಒಂದು ಕಡೆ. ಕೊನೆಯ ಟ್ಯಾಪನ್ನು ಹಿಡಿದು, ವೋಲ್ಟೇಜನ್ನು ಮಾತ್ರ ಪೂರ್ತಿ ಇಟ್ಟು, ಎಂದೂ ಬಾರದ ದೊಡ್ಡ ಅಂಕಿ ತೆಗೆದು ಹೆದರುವವರು ಇನ್ನೊಂದು ಕಡೆ. ಟ್ಯಾಪ್ ಮತ್ತು ವೋಲ್ಟೇಜ್ ಜೋಡಿಯಾಗಿ ಚಲಿಸುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಲೆಕ್ಕ ಕೆಡುತ್ತದೆ. ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳಲ್ಲಿ ಇದು ಪುಸ್ತಕದ ಮಾತಾಗಿ ಉಳಿದಿಲ್ಲ. ಅಲ್ಲಿ ಜಾಲವೇ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದೆ, ಟ್ಯಾಪ್ ಮಾತ್ರ ಹಳೆಯ ಜಾಗದಲ್ಲೇ ಕೂತಿರುತ್ತದೆ.

ಹಿನ್ನೆಲೆ

ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಲು ಶುರುಮಾಡಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಉದ್ದನೆಯ ಒಂದು ಲೈನು, ಕೊನೆಯಲ್ಲಿ ಒಂದಿಷ್ಟು ಹೊರೆ ಎಂಬಂಥ ಆ ಕಾಲದ ಜಾಲದಲ್ಲಿ ಫಾಲ್ಟ್ ಲೆವೆಲ್ ದೊಡ್ಡ ಚಿಂತೆಯೇ ಆಗಿರಲಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಮುಂದೆ 66 ಕೆವಿ ಜಾಲ ಬೇರೂರಿತು. ಉತ್ತರ ಕರ್ನಾಟಕದಲ್ಲೂ ಕರಾವಳಿಯಲ್ಲೂ 110 ಮತ್ತು 33 ಕೆವಿ ಕಾಣುವವರಿಗೆ ಬೆಂಗಳೂರಿನ 66/11 ಕೆವಿ ಉಪಕೇಂದ್ರಗಳು ಬೇರೆಯಾಗಿ ಕಾಣುವುದು ಈ ಕಾರಣಕ್ಕೆ. ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯಿಂದ 1999ರಲ್ಲಿ ಕೆಪಿಟಿಸಿಎಲ್, ಅದರಿಂದ 2002ರಲ್ಲಿ ಬೆಸ್ಕಾಂ ಹುಟ್ಟಿದವು. ಈಗ ಉಪಕೇಂದ್ರದ 66 ಕೆವಿ ಭಾಗ ಕೆಪಿಟಿಸಿಎಲ್‌ದು, ಅಲ್ಲಿಂದ ಹೊರಡುವ 11 ಕೆವಿ ಫೀಡರ್ ಬೆಸ್ಕಾಂನದು. ಫಾಲ್ಟ್ ಲೆವೆಲ್ ಕೇಳಿಕೊಂಡು ಹೋದವರು ಎರಡು ಕಚೇರಿ ಅಲೆಯಬೇಕಾಗುವುದಕ್ಕೂ ಇದೇ ಕಾರಣ.

ಪೀಣ್ಯ ಮತ್ತು ಎಲೆಕ್ಟ್ರಾನಿಕ್ ಸಿಟಿ ಎರಡೂ 1970ರ ದಶಕದ ಕೂಸುಗಳು. ಎಲೆಕ್ಟ್ರಾನಿಕ್ ಸಿಟಿಯನ್ನು ಆರ್. ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ 1978ರ ಹೊತ್ತಿಗೆ ಕಟ್ಟತೊಡಗಿತು. ವೈಟ್‌ಫೀಲ್ಡ್‌ನ ರಫ್ತು ಉತ್ತೇಜನ ಪಾರ್ಕು ಮತ್ತು ಐಟಿಪಿಎಲ್ 1990ರ ದಶಕದವು. ಪೀಣ್ಯದಲ್ಲಿ ಲೇತ್, ಪ್ರೆಸ್, ಪ್ಲೇಟಿಂಗ್, ಮೋಲ್ಡಿಂಗ್ ಶೆಡ್ಡುಗಳು ಒತ್ತೊತ್ತಾಗಿವೆ. ಮೋಟಾರುಗಳ ಹೊರೆ ಹೆಚ್ಚು. ಉಳಿದೆರಡು ಕಡೆ ಹವಾನಿಯಂತ್ರಣ, ಸರ್ವರ್, ಜನರೇಟರ್. ಹೊರೆ ಬೆಳೆದಂತೆ ನೆಲಮಂಗಲ, ಹೂಡಿ, ಸೋಮನಹಳ್ಳಿಗಳಲ್ಲಿ 400 ಕೆವಿ ಕೇಂದ್ರಗಳು ಬಂದವು, ಅವುಗಳ ಕೆಳಗೆ ಪೀಣ್ಯದಂಥ 220 ಕೆವಿ ಸ್ವೀಕರಣಾ ಕೇಂದ್ರಗಳು ಬಲಗೊಂಡವು. ದೊಡ್ಡ ಕೇಂದ್ರ ಹತ್ತಿರ ಬಂದಷ್ಟೂ ವೋಲ್ಟೇಜ್ ಸ್ಥಿರವಾಗುತ್ತದೆ, ಜೊತೆಗೆ ಫಾಲ್ಟ್ ಲೆವೆಲ್ಲೂ ಏರುತ್ತದೆ. ಒಂದನ್ನು ಬೇಡಿದವರು ಇನ್ನೊಂದನ್ನೂ ಒಪ್ಪಿಕೊಳ್ಳಲೇಬೇಕು.

ಟ್ಯಾಪ್‌ನ ಎರಡು ಜಾತಿ

ಕಾರ್ಖಾನೆಯ ಅಂಗಳದಲ್ಲಿರುವ 11 ಕೆವಿ/433 ವೋಲ್ಟ್ ಟ್ರಾನ್ಸ್‌ಫಾರ್ಮರ್, ಜನರ ಬಾಯಲ್ಲಿ ಟಿಸಿ, ಸಾಮಾನ್ಯವಾಗಿ ಕರೆಂಟು ತೆಗೆದು ತಿರುಗಿಸುವ ಟ್ಯಾಪ್‌ನದು. ಟ್ಯಾಂಕಿನ ಪಕ್ಕದಲ್ಲೋ ಮೇಲೋ ಒಂದು ಹಿಡಿಕೆ, ಅದರ ಸುತ್ತ ಅಂಕಿ ಕೆತ್ತಿದ ತಟ್ಟೆ, ತಪ್ಪಿಯೂ ಯಾರೂ ತಿರುಗಿಸದಂತೆ ಒಂದು ಬೀಗ. ವಿತರಣಾ ಟ್ರಾನ್ಸ್‌ಫಾರ್ಮರ್‌ಗಳ ಭಾರತೀಯ ಮಾನಕ ಐಎಸ್ 1180ರ ಪ್ರಕಾರ 100 ಕೆವಿಎವರೆಗಿನವಕ್ಕೆ ಟ್ಯಾಪ್ ಇಲ್ಲ. ಅದಕ್ಕೆ ಮೇಲ್ಪಟ್ಟು 500 ಕೆವಿಎವರೆಗೆ, ಕೊಳ್ಳುವವರು ಕೇಳಿದರೆ, ಶೇ 5 ಮೇಲಿನಿಂದ ಶೇ 10 ಕೆಳಗಿನವರೆಗೆ ಶೇ 2.5ರ ಮೆಟ್ಟಿಲುಗಳು. ಹಾಗಿದ್ದಾಗ ತಟ್ಟೆಯಲ್ಲಿ 1ರಿಂದ 7ರವರೆಗೆ ಅಂಕಿ. 3 ಎಂದರೆ ಪ್ರಧಾನ ಟ್ಯಾಪ್, 11,000 ವೋಲ್ಟ್. ಐಟಿ ಕಟ್ಟಡಗಳ ನೆಲಮಾಳಿಗೆಯ ಡ್ರೈ ಟೈಪ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಹಿಡಿಕೆಯೂ ಇಲ್ಲ. ಸುರುಳಿಯ ಮುಖದ ಮೇಲೆ ಬೋಲ್ಟ್ ಬಿಗಿದ ತಾಮ್ರದ ಲಿಂಕ್, ಅದನ್ನು ಬಿಚ್ಚಿ ಜಾಗ ಬದಲಿಸಬೇಕು.

ಉಪಕೇಂದ್ರದ 66/11 ಕೆವಿ ಟ್ರಾನ್ಸ್‌ಫಾರ್ಮರ್‌ನದು ಹೊರೆ ಇರುವಾಗಲೇ ಬದಲಾಗುವ ಓಎಲ್‌ಟಿಸಿ. ಜರ್ಮನಿಯ ಬರ್ನ್‌ಹಾರ್ಡ್ ಯಾನ್ಸೆನ್ 1927ರಲ್ಲಿ ಪೇಟೆಂಟ್ ಪಡೆದ, ಪ್ರತಿರೋಧಕದ ಮೂಲಕ ಕರೆಂಟನ್ನು ಒಂದು ಟ್ಯಾಪಿನಿಂದ ಇನ್ನೊಂದಕ್ಕೆ ದಾಟಿಸುವ ಉಪಾಯವೇ ಇಂದಿಗೂ ಅದರ ಜೀವಾಳ. ಶೇ 5 ಮೇಲೆ, ಶೇ 15 ಕೆಳಗೆ, ಮೆಟ್ಟಿಲಿಗೆ ಶೇ 1.25 ಎಂಬುದು ಪರಿಚಿತ ವ್ಯಾಪ್ತಿ. ಒಟ್ಟು 17 ಸ್ಥಾನ, ಪ್ರಧಾನ ಟ್ಯಾಪ್ 5ನೆಯದು.

ಟ್ಯಾಪ್ ಹೆಚ್ಚಿನ ವೋಲ್ಟೇಜಿನ ಸುರುಳಿಯಲ್ಲೇ ಇರುವುದಕ್ಕೆ ಕಾರಣ ಸರಳ. 1000 ಕೆವಿಎ ಟ್ರಾನ್ಸ್‌ಫಾರ್ಮರ್‌ನ 433 ವೋಲ್ಟ್ ಸುರುಳಿಯಲ್ಲಿ ಇರುವುದೇ ಹದಿನೈದಿಪ್ಪತ್ತು ಸುತ್ತು. ಒಂದು ಸುತ್ತು ಕಳೆದರೂ ಶೇ 5ಕ್ಕಿಂತ ಹೆಚ್ಚು ವ್ಯತ್ಯಾಸ, ಶೇ 2.5ರ ಮೆಟ್ಟಿಲು ಅಲ್ಲಿ ಕಟ್ಟಲಾಗದು. ಎಚ್‌ಟಿ ಕಡೆ, ಅಂದರೆ ಹೆಚ್ಚಿನ ವೋಲ್ಟೇಜಿನ ಕಡೆ, ಸುತ್ತು ಹೆಚ್ಚು, ಕರೆಂಟು ಕಡಿಮೆ. ಹಾಗಾಗಿ ಎಚ್‌ಟಿ ಸುತ್ತು ಕಡಿಮೆ ಮಾಡಿದರೆ ಎಲ್‌ಟಿ, ಅಂದರೆ ಕಡಿಮೆ ವೋಲ್ಟೇಜಿನ ಕಡೆಯ, ವೋಲ್ಟೇಜ್ ಏರುತ್ತದೆ ಎಂಬುದನ್ನು ಈ ಲೇಖನದುದ್ದಕ್ಕೂ ನೆನಪಿಟ್ಟುಕೊಳ್ಳಬೇಕು.

ಫಾಲ್ಟ್ ಆದಾಗ ಓಎಲ್‌ಟಿಸಿ ಓಡಿ ಬಂದು ಏನೋ ಮಾಡುತ್ತದೆ ಎಂದು ತಿಳಿಯುವವರಿದ್ದಾರೆ. ಮಾಡುವುದಿಲ್ಲ, ಮಾಡಲೂಬಾರದು. ವೋಲ್ಟೇಜ್ ರಿಲೇ ಹತ್ತಾರು ಸೆಕೆಂಡು ಕಾದು ಮೋಟಾರಿಗೆ ಅಪ್ಪಣೆ ಕೊಡುತ್ತದೆ. ಬ್ರೇಕರ್ ಅಷ್ಟರಲ್ಲಿ ಯಾವಾಗಲೋ ಬಿದ್ದಿರುತ್ತದೆ. ಕರೆಂಟು ಮಿತಿಮೀರಿದಾಗ ಟ್ಯಾಪ್ ಕದಲದಂತೆ ತಡೆಯುವ ರಿಲೇಯನ್ನೂ ಇಡುತ್ತಾರೆ. ಲೆಕ್ಕಕ್ಕೆ ಬೇಕಾದದ್ದು ಫಾಲ್ಟ್‌ಗೆ ಮೊದಲು ಟ್ಯಾಪ್ ಎಲ್ಲಿತ್ತು ಎಂಬುದಷ್ಟೆ.

ಒಂದು ಉಪಕೇಂದ್ರದ ಲೆಕ್ಕ

ಎಲ್‌ಟಿ ಕಡೆಯನ್ನು ಶಾರ್ಟ್ ಮಾಡಿ, ಪೂರ್ಣ ಹೊರೆಯ ಕರೆಂಟು ಹರಿಯುವಷ್ಟು ಮಾತ್ರ ಎಚ್‌ಟಿ ಕಡೆ ವೋಲ್ಟೇಜ್ ಕೊಟ್ಟರೆ, ಆ ವೋಲ್ಟೇಜ್ ಪೂರ್ಣ ವೋಲ್ಟೇಜಿನ ಶೇಕಡಾ ಎಷ್ಟೋ ಅದೇ ಶೇಕಡಾ ಇಂಪೀಡೆನ್ಸ್. ನೇಮ್ ಪ್ಲೇಟಿನಲ್ಲಿ ಕಾಣುವ ಅಂಕಿ ಸಾಮಾನ್ಯವಾಗಿ ಪ್ರಧಾನ ಟ್ಯಾಪಿನದು. ದೊಡ್ಡ ಟ್ರಾನ್ಸ್‌ಫಾರ್ಮರ್‌ನ ಪರೀಕ್ಷಾ ವರದಿಯಲ್ಲಿ ಎರಡೂ ಕೊನೆಯ ಟ್ಯಾಪುಗಳದ್ದೂ ಸಿಗುತ್ತದೆ.

ಉದಾಹರಣೆಗೆಂದು ಒಂದು 20 ಎಂವಿಎ, 66/11 ಕೆವಿ ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳೋಣ. 66 ಕೆವಿ ಬಸ್ಸಿನ ಫಾಲ್ಟ್ ಲೆವೆಲ್ 2000 ಎಂವಿಎ. ಇಂಪೀಡೆನ್ಸ್ 1ನೇ ಟ್ಯಾಪಿನಲ್ಲಿ ಶೇ 10.4, 5ರಲ್ಲಿ ಶೇ 10, 17ರಲ್ಲಿ ಶೇ 9.5. ಪ್ರಧಾನ ಟ್ಯಾಪಿನ ಲೆಕ್ಕ ಬಾಯಲ್ಲೇ ಆಗುತ್ತದೆ: 20 ಎಂವಿಎ ಆಧಾರದಲ್ಲಿ ಮೂಲದ್ದು, ಅಂದರೆ 66 ಕೆವಿ ಬಸ್ಸಿನ ಹಿಂದಿರುವ ಜಾಲದ್ದು, ಶೇ 1, ಟ್ರಾನ್ಸ್‌ಫಾರ್ಮರ್‌ದು ಶೇ 10, ಒಟ್ಟು ಶೇ 11. 20ನ್ನು 0.11ರಿಂದ ಭಾಗಿಸಿದರೆ 182 ಎಂವಿಎ, ಅಂದರೆ 11 ಕೆವಿ ಬಸ್ಸಿನಲ್ಲಿ 9.54 ಕೆಎ.

ಕೊನೆಯ ಟ್ಯಾಪುಗಳಲ್ಲಿ ಎಡವುವುದು ಆಧಾರ ವೋಲ್ಟೇಜಿನ ವಿಷಯದಲ್ಲಿ. 17ನೇ ಟ್ಯಾಪಿನ ಶೇ 9.5 ಎಂಬುದು ಆ ಟ್ಯಾಪಿನ ವೋಲ್ಟೇಜಾದ 56.1 ಕೆವಿಗೆ ಸಂಬಂಧಿಸಿದ್ದು, 66ಕ್ಕೆ ಅಲ್ಲ. ಎಚ್‌ಟಿ ಕಡೆಯಿಂದ ಓಮ್‌ನಲ್ಲಿ ನೋಡಿದರೆ 1ರಲ್ಲಿ 24.97, 5ರಲ್ಲಿ 21.78, 17ರಲ್ಲಿ 14.95 ಓಮ್: ಅಬ್ಬಾ ಎನ್ನುವಷ್ಟು ವ್ಯತ್ಯಾಸ. ಅದನ್ನೇ ಆಯಾ ಟ್ಯಾಪಿನ ಅನುಪಾತದಲ್ಲಿ 11 ಕೆವಿ ಕಡೆಗೆ ತಂದರೆ 0.629, 0.605, 0.575 ಓಮ್, ಅಬ್ಬರ ಇಳಿದುಹೋಗುತ್ತದೆ. ಮೂಲದ 2.178 ಓಮ್ ಮಾತ್ರ ತಿರುವುಮುರುವಾಗಿ ವರ್ತಿಸುತ್ತದೆ. ಅನುಪಾತ ಕಡಿಮೆಯಾದಷ್ಟೂ ಅದು 11 ಕೆವಿ ಕಡೆಗೆ ದೊಡ್ಡದಾಗಿ ಕಾಣುತ್ತದೆ: ಕ್ರಮವಾಗಿ 0.055, 0.0605, 0.084 ಓಮ್. ಒಟ್ಟುಗೂಡಿಸಿ, ಬಸ್ಸಿನಲ್ಲಿ 11 ಕೆವಿ ಇದೆ ಎಂದು ಹಿಡಿದರೆ ಫಾಲ್ಟ್ ಕರೆಂಟು 9.28, 9.54, 9.65 ಕೆಎ. ಇಡೀ ಶೇ 20ರ ಟ್ಯಾಪ್ ವ್ಯಾಪ್ತಿಯಲ್ಲಿ ಫಾಲ್ಟ್ ಕರೆಂಟು ಓಡಾಡಿದ್ದು ಶೇ 4ರಷ್ಟು.

ಈಗ 17ನೇ ಟ್ಯಾಪನ್ನೇ ಇಟ್ಟು 66 ಕೆವಿ ಬಸ್ಸಿನಲ್ಲಿ ಪೂರ್ತಿ 66 ಕೆವಿ ಇದೆ ಎಂದು ಹಿಡಿಯಿರಿ. 11 ಕೆವಿ ಬಸ್ಸು 12.94 ಕೆವಿಗೆ ಏರಿ, ಫಾಲ್ಟ್ ಕರೆಂಟು 11.35 ಕೆಎ ಆಗುತ್ತದೆ: ಶೇ 19 ಹೆಚ್ಚು. ಕಂಪ್ಯೂಟರ್ ತಂತ್ರಾಂಶಕ್ಕೆ ಕನಿಷ್ಠ ಟ್ಯಾಪ್, ಗರಿಷ್ಠ ವೋಲ್ಟೇಜ್ ಎಂದು ಕೊಟ್ಟರೆ ಅದು ಈ ಅಂಕಿಯನ್ನೇ ನಿಷ್ಠೆಯಿಂದ ಹೊರಹಾಕುತ್ತದೆ. ಆದರೆ ಓಎಲ್‌ಟಿಸಿ 17ಕ್ಕೆ ಹೋಗುವುದೇ 66 ಕೆವಿ ಬಸ್ಸು ಕುಸಿದಾಗ. ಬಸ್ಸು 12.94 ಕೆವಿಯಲ್ಲಿ ನಿಂತರೆ ಫಾಲ್ಟ್ ಆಗುವ ಮುಂಚೆಯೇ ಊರಿನ ಮಿಕ್ಸಿ, ಫ್ರಿಜ್ಜುಗಳು ಸುಟ್ಟಿರುತ್ತವೆ. ನಿಜವಾದ ಅಪಾಯ ನಡುವೆ ಎಲ್ಲೋ ಇದೆ: ಟ್ಯಾಪ್ ಕೈಯಾರೆ ನಡೆಸುವ ಕೇಂದ್ರದಲ್ಲಿ ಸಂಜೆ ಇಳಿಸಿದ ಟ್ಯಾಪ್ ರಾತ್ರಿ ಹೊರೆ ಕಳಚಿದ ಮೇಲೂ ಅಲ್ಲೇ ಉಳಿಯುವ ಕೆಲವು ಗಂಟೆಗಳು.

ಮಾನಕ ಏನು ಹೇಳುತ್ತದೆ

ಈ ತೊಡಕನ್ನು ಅಂತರರಾಷ್ಟ್ರೀಯ ಮಾನಕ ಐಇಸಿ 60909 ಜಾಣತನದಿಂದ ಬಿಡಿಸಿದೆ. ಭಾರತದ ಐಎಸ್ 13234 ಇದರದೇ ದಾರಿ ಹಿಡಿದಿದೆ. ಟ್ಯಾಪ್ ಎಲ್ಲಿದೆ, ಹೊರೆ ಎಷ್ಟಿದೆ ಎಂದು ಕೇಳುವ ಬದಲು ಅದು ಎರಡು ಗುಣಕಗಳನ್ನು ಕೊಡುತ್ತದೆ. ಮೊದಲನೆಯದು ವೋಲ್ಟೇಜ್ ಗುಣಕ: ಗರಿಷ್ಠ ಫಾಲ್ಟ್ ಕರೆಂಟಿನ ಲೆಕ್ಕಕ್ಕೆ ಮಧ್ಯಮ ಮತ್ತು ಉನ್ನತ ವೋಲ್ಟೇಜಿನಲ್ಲಿ 1.1. 11 ಕೆವಿ ಉಪಕರಣದ ಗರಿಷ್ಠ ವೋಲ್ಟೇಜ್ 12, 66ರದ್ದು 72.5 ಎಂಬುದನ್ನು ನೋಡಿದರೆ ಈ 1.1 ಗಾಳಿಯಿಂದ ಬಂದದ್ದಲ್ಲ ಎಂದು ತಿಳಿಯುತ್ತದೆ. ಎರಡನೆಯದು ಟ್ರಾನ್ಸ್‌ಫಾರ್ಮರ್ ಇಂಪೀಡೆನ್ಸಿಗೆ ತಿದ್ದುಪಡಿ: 0.95ನ್ನು ಆ ವೋಲ್ಟೇಜ್ ಗುಣಕದಿಂದ ಗುಣಿಸಿ, 1ಕ್ಕೆ ರಿಯಾಕ್ಟೆನ್ಸಿನ 0.6 ಪಾಲನ್ನು ಕೂಡಿ ಬಂದ ಮೊತ್ತದಿಂದ ಭಾಗಿಸಬೇಕು. ಶೇ 10ರ ಟ್ರಾನ್ಸ್‌ಫಾರ್ಮರ್‌ಗೆ ಇದು 0.986. ಫಾಲ್ಟ್‌ಗೆ ಮುಂಚಿನ ಹೊರೆ ಮತ್ತು ವೋಲ್ಟೇಜ್ ಖಚಿತವಾಗಿ ಗೊತ್ತಿದ್ದರೆ ಬಳಸಲು ಬೇರೊಂದು ಸೂತ್ರವೂ ಇದೆ.

ಮೇಲಿನ ಉದಾಹರಣೆಗೆ ಇದನ್ನು ಹಚ್ಚಿದರೆ 9.54ರ ಬದಲು 10.5 ಕೆಎ ಬರುತ್ತದೆ. ಟ್ಯಾಪುಗಳ ವಿಪರೀತ ಕಲ್ಪನೆಗೆ ಇಲ್ಲಿ ಜಾಗವಿಲ್ಲ, ಅವುಗಳ ವಾಸ್ತವ ಪರಿಣಾಮ ಮಾತ್ರ ಗುಣಕದೊಳಗೆ ಅಡಗಿದೆ. ಈ ಗುಣಕ ಮೆಚ್ಚದ ಹಳೆಯ ಎಂಜಿನಿಯರುಗಳು ಇನ್ನೂ ಇದ್ದಾರೆ. ಶೇಕಡಾ ಲೆಕ್ಕದಲ್ಲಿ ಬಂದದ್ದೇ ಸಾಕು ಎನ್ನುತ್ತಾರೆ. ಹಾಗೆಂದರೆ ಏನಾಗಬಹುದೆಂದು ಮುಂದೆ ನೋಡಬಹುದು.

ಟ್ಯಾಪಿಗಿಂತ ದೊಡ್ಡ ಅನಿಶ್ಚಿತತೆ ಒಂದಿದೆ, ಅದನ್ನು ಗಮನಿಸುವವರು ಕಡಿಮೆ. ಐಎಸ್ 2026 ಪ್ರಕಾರ ಪ್ರಧಾನ ಟ್ಯಾಪಿನ ಇಂಪೀಡೆನ್ಸ್ ಶೇ 10 ಅಥವಾ ಹೆಚ್ಚಿದ್ದರೆ ತಯಾರಕರಿಗೆ ಶೇ 7.5ರಷ್ಟು, ಶೇ 10ಕ್ಕಿಂತ ಕಡಿಮೆ ಇದ್ದರೆ ಶೇ 10ರಷ್ಟು ಆಚೀಚೆ ಹೋಗುವ ರಿಯಾಯಿತಿ ಉಂಟು. ಉಳಿದ ಟ್ಯಾಪುಗಳಿಗೆ ಇನ್ನೂ ಸಡಿಲ. ಆರ್ಡರ್ ಕೊಟ್ಟದ್ದು ಶೇ 10, ಕೈಗೆ ಬಂದದ್ದು ಶೇ 9.25 ಆದರೆ ನಮ್ಮ 9.54 ಕೆಎ 10.2 ಆಗುತ್ತದೆ. ಖರೀದಿ ಪತ್ರದ ಅಂಕಿ ಹಿಡಿದು ಟ್ಯಾಪ್ ಟ್ಯಾಪಿಗೂ ಲೆಕ್ಕ ಹಾಕುವುದಕ್ಕಿಂತ, ಪರೀಕ್ಷಾ ವರದಿಯ ಅಂಕಿ ಹಿಡಿದು ಒಂದೇ ಲೆಕ್ಕ ಹಾಕುವುದು ಮೇಲು.

ಎರಡು ಟ್ರಾನ್ಸ್‌ಫಾರ್ಮರ್ ಜೊತೆಯಾದಾಗ

ಅದೇ ಉಪಕೇಂದ್ರದಲ್ಲಿ ಇಂಥವೇ ಎರಡನ್ನು ಸಮಾಂತರವಾಗಿ ಓಡಿಸಿದರೆ ಶೇಕಡಾ ಲೆಕ್ಕ ಹೇಳುವುದು 17.5 ಕೆಎ. 11 ಕೆವಿ ಹಳೆಯ ಬ್ರೇಕರುಗಳ ಒಂದು ಪ್ರಸಿದ್ಧ ವರ್ಗ 350 ಎಂವಿಎ, ಅಂದರೆ 18.4 ಕೆಎ. ಪರವಾಗಿಲ್ಲ ಎನ್ನಿಸುತ್ತದೆ. ಐಇಸಿ ಗುಣಕ ಹಚ್ಚಿದರೆ 19.2 ಕೆಎ, ಬ್ರೇಕರಿನ ಮಿತಿ ಮೀರಿತು. ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಕಾಗದದ ಮೇಲೆ ಶೇ 10ಕ್ಕೂ ಕಡಿಮೆ. ಉಪಕೇಂದ್ರದಲ್ಲಿ ಅದು ಬ್ರೇಕರ್ ತೆರೆಯುವುದಕ್ಕೂ ಸಿಡಿಯುವುದಕ್ಕೂ ಇರುವ ವ್ಯತ್ಯಾಸ. ಈಗಿನ ಪ್ಯಾನಲ್‌ಗಳು 25 ಕೆಎ ಇರುವುದರಿಂದ ಕೇಂದ್ರದೊಳಗೆ ಉಸಿರಾಡಬಹುದು. ಆದರೆ ರಸ್ತೆಬದಿಯ ರಿಂಗ್ ಮೇನ್ ಯುನಿಟ್, ಅಂದರೆ ಆರ್‌ಎಂಯುಗಳಲ್ಲಿ ಹಲವು 20ರಿಂದ 21 ಕೆಎಯವು. ಕೇಂದ್ರದ ಗೋಡೆಗೆ ತಾಗಿಕೊಂಡೇ ಇರುವ ಆರ್‌ಎಂಯು ಸರಪಳಿಯ ದುರ್ಬಲ ಕೊಂಡಿಯಾಗಬಹುದು.

ಸಮಾಂತರ ಓಟದಲ್ಲಿ ಟ್ಯಾಪ್ ಬೇರೆ ಬೇರೆ ಇದ್ದರೆ ಫಾಲ್ಟ್ ಲೆವೆಲ್ ಹೆಚ್ಚೇನೂ ಬದಲಾಗದು, ಕೆಡುವುದು ಬೇರೆ. ಒಂದು ಮೆಟ್ಟಿಲ ಅಂತರಕ್ಕೆ, ಶೇ 1.25ನ್ನು ಎರಡರ ಒಟ್ಟು ಶೇ 20ರಿಂದ ಭಾಗಿಸಿ, ಪೂರ್ಣ ಹೊರೆಯ ಶೇ 6ರಷ್ಟು ಕರೆಂಟು ಸುಮ್ಮನೆ ಇವುಗಳೊಳಗೇ ಸುತ್ತುತ್ತದೆ. ನಾಲ್ಕು ಮೆಟ್ಟಿಲಾದರೆ ಶೇ 25. ಒಂದನ್ನು ಮಾಸ್ಟರ್, ಇನ್ನೊಂದನ್ನು ಫಾಲೋವರ್ ಮಾಡುವುದು ಇದಕ್ಕೇ.

ಪೀಣ್ಯದ ಒಂದು ಶೆಡ್ಡು

ಟ್ಯಾಪ್‌ನ ನಿಜವಾದ ಕಥೆ ಇರುವುದು ಎಲ್‌ಟಿ ಕಡೆಗೆ. ಮೇಲಿನ ಉಪಕೇಂದ್ರದಿಂದ 3 ಕಿಲೋಮೀಟರ್ ದೂರದಲ್ಲಿ ಒಂದು ಕಾರ್ಖಾನೆ ಇದೆ ಎಂದುಕೊಳ್ಳಿ. 1000 ಕೆವಿಎ, 11 ಕೆವಿ/433 ವೋಲ್ಟ್, ಶೇ 5 ಇಂಪೀಡೆನ್ಸ್, ಮೇಲೆ ಹೇಳಿದಂಥ ಏಳು ಸ್ಥಾನಗಳ ಟ್ಯಾಪ್. ಮೊದಲು ಕರೆಂಟು ಬರುತ್ತಿದ್ದದ್ದು ಕಂಬದ ಮೇಲಿನ ರ‍್ಯಾಬಿಟ್ ತಂತಿಯಲ್ಲಿ. ಈ ತಂತಿಯ ಒಂದು ಕಿಲೋಮೀಟರಿನ ಇಂಪೀಡೆನ್ಸ್ ಸುಮಾರು 0.65 ಓಮ್, ಉಪಕೇಂದ್ರದ ಇಡೀ 20 ಎಂವಿಎ ಟ್ರಾನ್ಸ್‌ಫಾರ್ಮರ್‌ನಷ್ಟು! ಹಾಗಾಗಿ, ಇಂಪೀಡೆನ್ಸುಗಳ ಕೋನವನ್ನೂ ಹಿಡಿದು ಕೂಡಿದರೆ, ಕಾರ್ಖಾನೆಯ ಗೇಟಿನಲ್ಲಿ ಫಾಲ್ಟ್ ಲೆವೆಲ್ 51 ಎಂವಿಎಗೆ ಇಳಿದಿತ್ತು. ಲೈನಿನಲ್ಲಿ ವೋಲ್ಟೇಜೂ ಇಳಿಯುತ್ತಿತ್ತು, 10.45 ಕೆವಿಯಷ್ಟೇ ಬರುತ್ತಿದೆ ಎಂದು ಕಂಡ ಎಲೆಕ್ಟ್ರೀಷಿಯನ್ ಟ್ಯಾಪನ್ನು 5ಕ್ಕೆ, ಅಂದರೆ ಶೇ 5 ಕೆಳಕ್ಕೆ, ತಿರುಗಿಸಿ ಬೀಗ ಹಾಕಿದ. ಅವನು ಮಾಡಿದ್ದು ಸರಿಯೇ. ಆ ಸ್ಥಿತಿಯಲ್ಲಿ ಪ್ಯಾನಲ್‌ಗೆ ಟ್ರಾನ್ಸ್‌ಫಾರ್ಮರ್‌ನಿಂದ 18.6 ಕೆಎ, ಓಡುತ್ತಿರುವ ಮೋಟಾರುಗಳ ಒಟ್ಟು ಕರೆಂಟು 500 ಆಂಪ್ ಇದ್ದರೆ, ಫಾಲ್ಟ್ ಆದ ಕ್ಷಣ ಅವು ಜನರೇಟರಿನಂತೆ ವರ್ತಿಸಿ ಐದು ಪಟ್ಟು, 2.5 ಕೆಎ, ಸೇರಿಸುತ್ತವೆ. ಒಟ್ಟು 21 ಕೆಎ. ಮುಖ್ಯ ಬ್ರೇಕರ್ 25 ಕೆಎದು, ನಿಶ್ಚಿಂತೆ.

ಬೆಸ್ಕಾಂ ಬೆಂಗಳೂರಿನಲ್ಲಿ ಕಂಬದ ಲೈನುಗಳನ್ನು ನೆಲದಡಿಯ ಕೇಬಲ್‌ಗೆ ಬದಲಿಸುತ್ತಾ ಬಂದಿದೆ. ಈ ಶೆಡ್ಡಿನ ರಸ್ತೆಗೂ 400 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಕೇಬಲ್ ಬಂತೆನ್ನಿ. ಅದರ ಇಂಪೀಡೆನ್ಸ್ ಕಿಲೋಮೀಟರಿಗೆ 0.12 ಓಮ್ ಆಸುಪಾಸು. ಗೇಟಿನ ಫಾಲ್ಟ್ ಲೆವೆಲ್ 51ರಿಂದ 127 ಎಂವಿಎಗೆ ಜಿಗಿಯಿತು. ವೋಲ್ಟೇಜೂ 11 ಕೆವಿಗೆ ಮರಳಿತು. ಟ್ಯಾಪ್ ಮಾತ್ರ 5ರಲ್ಲೇ. ಈಗ ಎಲ್‌ಟಿ ಖಾಲಿ ವೋಲ್ಟೇಜ್ 456, ಟ್ರಾನ್ಸ್‌ಫಾರ್ಮರ್‌ನಿಂದ 23.9 ಕೆಎ, ಮೋಟಾರಿನದು ಸೇರಿ 26.4 ಕೆಎ. ಕಾರ್ಖಾನೆಯೊಳಗೆ ಒಂದು ಬೋಲ್ಟೂ ಬದಲಾಗಿಲ್ಲ, ಆದರೂ 25 ಕೆಎ ಬ್ರೇಕರ್ ಸಾಲದಾಯಿತು. ಟ್ಯಾಪನ್ನು 3ಕ್ಕೆ ತಂದರೆ? 25.5 ಕೆಎ. ವೋಲ್ಟೇಜ್ ಸರಿಹೋಗಿ ಬಲ್ಬು, ಕೆಪಾಸಿಟರುಗಳು ಉಳಿಯುತ್ತವೆ. ಬ್ರೇಕರಿನ ಸಮಸ್ಯೆ ಹಾಗೇ ಉಳಿಯುತ್ತದೆ. ಇಲ್ಲಿ ಟ್ರಾನ್ಸ್‌ಫಾರ್ಮರ್ ಮತ್ತು ಮೋಟಾರುಗಳ ಕರೆಂಟನ್ನು ಕೋನ ಬಿಟ್ಟು ಪರಿಮಾಣದಲ್ಲಷ್ಟೇ ಕೂಡಿರುವುದರಿಂದ ಉತ್ತರ ತುಸು ಹೆಚ್ಚು, ಟ್ರಾನ್ಸ್‌ಫಾರ್ಮರ್‌ನಿಂದ ಪ್ಯಾನಲ್‌ವರೆಗಿನ ಕೇಬಲ್ ಸ್ವಲ್ಪ ಇಳಿಸಲೂಬಹುದು. ಆದರೆ ಐಇಸಿಯ ವೋಲ್ಟೇಜ್ ಗುಣಕ ಇನ್ನೂ ಹಚ್ಚಿಲ್ಲ ಎಂಬುದನ್ನೂ ಮರೆಯಬಾರದು. ಇಂಥ ಕಡೆ 36 ಕೆಎ ಬ್ರೇಕರ್ ಹಾಕುವುದೇ ವಿವೇಕ.

ಮೋಟಾರುಗಳ ಕೊಡುಗೆಯನ್ನು ಬಿಡಬಹುದೇ ಎಂಬುದಕ್ಕೂ ಮಾನಕದಲ್ಲಿ ಅಳತೆಗೋಲು ಇದೆ: ಅವುಗಳ ಒಟ್ಟು ಕರೆಂಟು ಫಾಲ್ಟ್ ಕರೆಂಟಿನ ಶೇ 1ನ್ನು ಮೀರದಿದ್ದರೆ ಬಿಡಬಹುದು. ನಮ್ಮ ಶೆಡ್ಡಿನಲ್ಲಿ ಆ ಮಿತಿ ಸುಮಾರು 230 ಆಂಪ್. ಪೀಣ್ಯದ ಪ್ರೆಸ್ ಶಾಪುಗಳಲ್ಲಿ ಅದು ಬೆಳಗಿನ ಪಾಳಿ ಶುರುವಾದ ಕೂಡಲೇ ದಾಟುತ್ತದೆ.

ಡೆಲ್ಟಾ-ಸ್ಟಾರ್ ಟ್ರಾನ್ಸ್‌ಫಾರ್ಮರ್‌ನ ಎಲ್‌ಟಿ ಬುಡದಲ್ಲೇ ಒಂದು ಫೇಸು ಭೂಮಿಗೆ ತಾಗಿದರೆ ಬರುವ ಕರೆಂಟು ಮೂರು ಫೇಸಿನ ಶಾರ್ಟಿಗಿಂತ ತುಸು ಹೆಚ್ಚೇ ಇರುತ್ತದೆ, ಏಕೆಂದರೆ ಶೂನ್ಯಾನುಕ್ರಮದ ಹಾದಿಯಲ್ಲಿ ಮೂಲದ ಇಂಪೀಡೆನ್ಸ್ ಅಡ್ಡ ಬರುವುದಿಲ್ಲ. ಮೂಲ ಬಲಹೀನವಾದಷ್ಟೂ ಈ ವ್ಯತ್ಯಾಸ ಹೆಚ್ಚು.

ಐಟಿ ಆವರಣಗಳು

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ದೊಡ್ಡ ಆವರಣಗಳಲ್ಲಿ ಕೆಲವು ನೇರ 66 ಕೆವಿ ಪಡೆದು ತಮ್ಮದೇ ಉಪಕೇಂದ್ರ ಇಟ್ಟುಕೊಂಡಿವೆ. ಅಂಥಲ್ಲಿ ಫೀಡರಿನ ಉದ್ದ ಲೆಕ್ಕಕ್ಕಿಲ್ಲ. 11 ಕೆವಿ ಬಸ್ಸಿನ ಫಾಲ್ಟ್ ಲೆವೆಲ್ ಹೆಚ್ಚುಕಡಿಮೆ ಹಾಗೇ ಕಟ್ಟಡದ ಬುಡಕ್ಕೆ ಬರುತ್ತದೆ. 180 ಎಂವಿಎ ಬಸ್ಸಿಗೆ ಶೇ 6.25ರ 2000 ಕೆವಿಎ ಟ್ರಾನ್ಸ್‌ಫಾರ್ಮರ್ ಒಂದನ್ನು ಕೂಡಿಸಿದರೆ ಎಲ್‌ಟಿ ಪ್ಯಾನಲ್‌ನಲ್ಲಿ 36 ಕೆಎ. ಎರಡನ್ನು ಬಸ್ ಕಪ್ಲರ್ ಮುಚ್ಚಿ ಜೊತೆ ಮಾಡಿದರೆ 63 ಕೆಎ. 50 ಕೆಎ ಪ್ಯಾನಲ್ ಮೊದಲನೆಯದನ್ನು ತಾಳುತ್ತದೆ, ಎರಡನೆಯದನ್ನು ತಾಳದು. ಎರಡು ಇನ್‌ಕಮರ್, ಒಂದು ಕಪ್ಲರ್ ಇರುವ ಪ್ಯಾನಲ್‌ನಲ್ಲಿ ಮೂರಕ್ಕೂ ಸೇರಿ ಎರಡೇ ಕೀಲಿ ಕೊಡುವ ಇಂಟರ್‌ಲಾಕ್ ಇರುವುದು ಇದಕ್ಕಾಗಿ. ಕರೆಂಟು ಹೋಗದಂತೆ ಬದಲಾಯಿಸಬೇಕೆಂದು ಅದನ್ನು ತಪ್ಪಿಸಿ ಕ್ಷಣಹೊತ್ತು ಕಪ್ಲರ್ ಮುಚ್ಚುವ ಅಭ್ಯಾಸ ಕಂಡಲ್ಲಿ, ಟ್ಯಾಪ್‌ನ ಸೂಕ್ಷ್ಮ ಲೆಕ್ಕಗಳೆಲ್ಲ ವ್ಯರ್ಥ.

ಡೀಸೆಲ್ ಜನರೇಟರುಗಳ ಫಾಲ್ಟ್ ಕರೆಂಟು ಜಾಲದ್ದಕ್ಕಿಂತ ಬಹಳ ಕಡಿಮೆ. ಅಲ್ಲಿ ಚಿಂತೆ ಬ್ರೇಕರ್ ಸಿಡಿಯುವುದಲ್ಲ, ರಿಲೇ ಎಚ್ಚರಗೊಳ್ಳದಿರುವುದು. ಚಾವಣಿಯ ಸೋಲಾರ್ ಇನ್ವರ್ಟರುಗಳು ಪೂರ್ಣ ಕರೆಂಟಿಗಿಂತ ಅಷ್ಟಿಷ್ಟು ಮಾತ್ರ ಹೆಚ್ಚು ಕೊಡುತ್ತವೆ.

ರಿಲೇ ಮತ್ತು ಸುರುಳಿಯ ತಾಳಿಕೆ

ಎಚ್‌ಟಿ ಕಡೆಯ ರಿಲೇಗೆ ಟ್ಯಾಪ್ ಎರಡು ಸಲ ತಟ್ಟುತ್ತದೆ. ಪೀಣ್ಯದ ಉದಾಹರಣೆಯಲ್ಲಿ 3ನೇ ಟ್ಯಾಪಿನಲ್ಲಿ ಎಲ್‌ಟಿ ಫಾಲ್ಟ್ ಎಚ್‌ಟಿ ಕಡೆಗೆ 907 ಆಂಪ್ ಆಗಿ ಕಂಡರೆ, 5ರಲ್ಲಿ 990 ಆಂಪ್: ಫಾಲ್ಟೂ ಹೆಚ್ಚು, ಅನುಪಾತವೂ ಕಡಿಮೆ. ತಕ್ಷಣ ಬೀಳುವ ರಿಲೇ ಎಲ್‌ಟಿ ಫಾಲ್ಟ್‌ಗೆ ಬೀಳಬಾರದೆಂದರೆ ಅದನ್ನು 990ರ ಮೇಲೆ ಶೇ 30ರಷ್ಟು ಅಂತರ ಬಿಟ್ಟು ಇಡಬೇಕು. 907 ಹಿಡಿದರೆ ಅಂತರ ಕರಗುತ್ತದೆ. ಓಎಲ್‌ಟಿಸಿ ಇರುವಲ್ಲಿ ಡಿಫರೆನ್ಶಿಯಲ್ ರಿಲೇಯ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಅನುಪಾತವನ್ನು ಪ್ರಧಾನ ಟ್ಯಾಪಿಗಲ್ಲ, ವ್ಯಾಪ್ತಿಯ ನಡುವಿಗೆ, ಮೇಲಿನ ವ್ಯಾಪ್ತಿಯಲ್ಲಾದರೆ ಶೇ 5 ಕೆಳಗಿನ ಟ್ಯಾಪಿಗೆ, ಹೊಂದಿಸುವುದು ಒಳ್ಳೆಯದು. ಆಗ ಹೊಂದಾಣಿಕೆಯ ಕೊರತೆ ಎರಡೂ ಕಡೆ ಶೇ 10ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಫಾಲ್ಟ್ ಕರೆಂಟು ಸುರುಳಿಯನ್ನು ಹಿಸುಕುವ ಬಲ ಕರೆಂಟಿನ ವರ್ಗಕ್ಕೆ ಅನುಗುಣ. ಬಳಸದೆ ಬಿಟ್ಟ ಟ್ಯಾಪ್ ಸುತ್ತುಗಳು ಸುರುಳಿಯ ಸಮತೋಲ ಕೆಡಿಸಿ, ಮೇಲಕ್ಕೂ ಕೆಳಕ್ಕೂ ತಳ್ಳುವ ಬಲ ಹುಟ್ಟಿಸುತ್ತವೆ. ಅದಕ್ಕೇ ಐಎಸ್ 2026ರ 5ನೇ ಭಾಗದ ಶಾರ್ಟ್ ಸರ್ಕ್ಯೂಟ್ ಪರೀಕ್ಷೆಯಲ್ಲಿ ಒಂದು ಅಂಚಿನ ಫೇಸನ್ನು ಅತಿ ಮೇಲಿನ ಟ್ಯಾಪಿನಲ್ಲಿ, ನಡುವಿನದನ್ನು ಪ್ರಧಾನ ಟ್ಯಾಪಿನಲ್ಲಿ, ಇನ್ನೊಂದು ಅಂಚಿನದನ್ನು ಅತಿ ಕೆಳಗಿನ ಟ್ಯಾಪಿನಲ್ಲಿ ಇಟ್ಟು, ಫೇಸಿಗೆ ಮೂರರಂತೆ ಒಂಬತ್ತು ಏಟು ಕೊಡುವುದು ವಾಡಿಕೆ. 2500 ಕೆವಿಎವರೆಗಿನದಕ್ಕೆ ಪ್ರತಿ ಏಟು ಅರ್ಧ ಸೆಕೆಂಡು. ಆಮೇಲೆ ರಿಯಾಕ್ಟೆನ್ಸ್ ಅಳೆಯುತ್ತಾರೆ. ಗುಂಡಗಿನ ಸುರುಳಿಯ ಸಣ್ಣ ಟ್ರಾನ್ಸ್‌ಫಾರ್ಮರ್‌ನಲ್ಲಿ ಅದು ಶೇ 2ಕ್ಕಿಂತ ಹೆಚ್ಚು ಸರಿದಿದ್ದರೆ ಸುರುಳಿ ಒಳಗೆ ಅಲುಗಿದೆ ಎಂದರ್ಥ, ನಪಾಸು. ಈ ಪರೀಕ್ಷೆಯ ದೇಶದ ಪ್ರಮುಖ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ: ಸದಾಶಿವನಗರದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಸಿಪಿಆರ್‌ಐ, 1960ರಲ್ಲಿ ಸ್ಥಾಪನೆಯಾದದ್ದು. ಮೈಸೂರು ರಸ್ತೆಯ ಕವಿಕಾ, ಬೈಯಪ್ಪನಹಳ್ಳಿಯಲ್ಲಿದ್ದು ಈಗ ಮುಚ್ಚಿಹೋಗಿರುವ ಎನ್‌ಜಿಇಎಫ್ ಮುಂತಾಗಿ ಟ್ರಾನ್ಸ್‌ಫಾರ್ಮರ್ ತಯಾರಿಸಿದ ಊರಿಗೆ ಅದನ್ನು ಒಡೆದು ನೋಡುವ ಪ್ರಯೋಗಶಾಲೆಯೂ ಒಲಿದದ್ದು ಸಹಜವೇ.

ಕಾರ್ಖಾನೆಯವರಿಗೆ

ಹೊಸ ಎಚ್‌ಟಿ ಸ್ಥಾವರದ ನಕ್ಷೆಗೆ ರಾಜ್ಯದ ವಿದ್ಯುತ್ ಪರಿವೀಕ್ಷಕರ ಅನುಮೋದನೆ ಪಡೆಯುವಾಗ ಫಾಲ್ಟ್ ಲೆವೆಲ್ ಲೆಕ್ಕ ಹಾಕಿಸುವವರು, ಆಮೇಲೆ ಆ ಕಡತವನ್ನು ತೆರೆಯುವುದೇ ಅಪರೂಪ. ಟ್ರಾನ್ಸ್‌ಫಾರ್ಮರ್‌ನ ಪರೀಕ್ಷಾ ವರದಿ, ಟ್ಯಾಪ್ ಈಗ ಯಾವ ಅಂಕಿಯಲ್ಲಿದೆ ಎಂಬ ಟಿಪ್ಪಣಿ, 11 ಕೆವಿ ಕಡೆಯ ಗರಿಷ್ಠ ಮತ್ತು ಕನಿಷ್ಠ ಫಾಲ್ಟ್ ಲೆವೆಲ್ ಪತ್ರ, ಈ ಮೂರು ಒಂದೇ ಕಡತದಲ್ಲಿರಬೇಕು. ಆ ಪತ್ರದ ದಿನಾಂಕ ನಿಮ್ಮ ರಸ್ತೆಗೆ ನೆಲದಡಿಯ ಕೇಬಲ್ ಬರುವುದಕ್ಕೆ ಮುಂಚಿನದಾಗಿದ್ದರೆ ಬೆಸ್ಕಾಂಗೆ ಬರೆದು ಹೊಸ ಅಂಕಿ ಪಡೆಯಿರಿ. ಅದು ಕೈಸೇರುವವರೆಗೆ 25 ಕೆಎ ಬ್ರೇಕರನ್ನು ನಂಬಬೇಡಿ.